ಕಾಲಿಗೆ ಇಳಿಯುವ ಚಳುಕು: ಡಿಸ್ಕ್ ಎನ್ನುವ ಮೊದಲು ಕೂರುವ ರೀತಿಯನ್ನು ನೋಡಿ

ತೊಡೆಯ ಹಿಂಭಾಗಕ್ಕೆ ಚಳುಕು ಇಳಿದರೆ ಸಾಕು, ಮನೆಮಂದಿಯೆಲ್ಲ ಸೇರಿ ‘ಡಿಸ್ಕ್ ಜಾರಿದೆ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಬೆನ್ನುಮೂಳೆಗಳ ನಡುವಿನ ಮೆತ್ತೆಯಂಥ ಈ ಡಿಸ್ಕೇ ಹೆಚ್ಚಿನವರಲ್ಲಿ ಕಾರಣ, ಅಲ್ಲಗಳೆಯುವುದಿಲ್ಲ. ಆದರೂ ಯಾರಾದರೂ ಸಯಾಟಿಕಾ (ಹೀಗೆ ಕಾಲಿಗಿಳಿಯುವ ನರದ ನೋವು) ಎಂದು ನನ್ನ ಬಳಿ ಗೋಳಾಡಿದರೆ ನಾನು ಮೊದಲು ಕೇಳುವುದು, ಪರ್ಸನ್ನು ಯಾವ ಜೇಬಿನಲ್ಲಿ ಇಡುತ್ತೀರಿ ಎಂದು.

ಬೆನ್ನುಮೂಳೆಯ ತಳದಿಂದ ಹೊರಟ ಸಯಾಟಿಕ್ ನರ ಪಿರ್ರೆಯ ಆಳದಲ್ಲಿ ಹಾದು ಕಾಲಿಗೆ ಇಳಿಯುತ್ತದೆ. ಅಲ್ಲಿ ಅದಕ್ಕೆ ಅಡ್ಡಲಾಗಿ ಪಿರಿಫಾರ್ಮಿಸ್ ಎಂಬ ಸಣ್ಣ ಸ್ನಾಯುವಿದೆ. ಸಾಮಾನ್ಯವಾಗಿ ನರ ಅದರ ಅಡಿಯಿಂದ ನುಸುಳುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ನರದ ಒಂದು ಕವಲು ಸ್ನಾಯುವಿನ ನಡುವೆಯೇ ತೂರಿಬರುತ್ತದೆ. ಆ ಸ್ನಾಯು ಬಿಗಿದುಕೊಂಡರೆ ನರ ಅಲ್ಲಿ ಅದುಮಿಕೊಳ್ಳುತ್ತದೆ, ಉರಿ ಮತ್ತು ಜೋಮು ಕಾಲಿನಲ್ಲಿ ಕಾಣಿಸಿಕೊಳ್ಳುತ್ತವೆ. ಪಿರಿಫಾರ್ಮಿಸ್ ಸಿಂಡ್ರೋಮ್ ಎಂಬ ಹೆಸರು 1947ರಿಂದಲೇ ಇದೆ. ನಮ್ಮ ಕಡೆ ಮಾತ್ರ ಎಲ್ಲರೂ ನೇರವಾಗಿ ಎಂಆರ್‌ಐಗೆ ಓಡುತ್ತಾರೆ. ನೋವೇ ಇಲ್ಲದವರಲ್ಲೂ ಡಿಸ್ಕ್ ಉಬ್ಬಿರುವುದು ಸ್ಕ್ಯಾನ್‌ನಲ್ಲಿ ಕಾಣುತ್ತದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ.

ಪಿರ್ರೆಯಲ್ಲಿ ಸಿಕ್ಕಿಕೊಂಡ ನರದ ಕುರುಹೆಂದರೆ ಕೂತಷ್ಟೂ ನೋವು ಏರುವುದು. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಹಲವರಿಗೆ ಹಗುರವೆನಿಸುತ್ತದೆ. ಪಿರ್ರೆಯ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ‘ಅಯ್ಯೋ, ಅಲ್ಲೇ’ ಎನ್ನುತ್ತಾರೆ. ಕೆಮ್ಮಿದಾಗ, ಸೀನಿದಾಗ, ಮುಂದಕ್ಕೆ ಬಗ್ಗಿದಾಗ ಛಳ್ಳೆಂದರೆ ಡಿಸ್ಕ್‌ನ ಮೇಲೆ ಅನುಮಾನ ಹೆಚ್ಚು. ಇವು ಸುಳಿವುಗಳಷ್ಟೇ, ಕೊನೆಯ ಮಾತು ವೈದ್ಯರದು.

ಮನೆಯಲ್ಲಿ ಮಾಡಬೇಕಾದದ್ದು ಕಷ್ಟದ್ದೇನಲ್ಲ. ಹಿಂದಿನ ಜೇಬನ್ನು ಖಾಲಿ ಮಾಡಿ. ಹಳೆಯ ರಸೀದಿ, ದೇವರ ಫೋಟೊ, ನಾಲ್ಕು ಕಾರ್ಡು ತುಂಬಿದ ಪರ್ಸಿನ ಮೇಲೆ ದಿನವಿಡೀ ಕೂರುವ ಚಾಲಕರನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಮೊಬೈಲನ್ನೂ ಅಲ್ಲಿ ತುರುಕಬೇಡಿ. ಕಾಲಿನ ಮೇಲೆ ಕಾಲು ಹಾಕದೆ ಎರಡೂ ಪಾದ ನೆಲಕ್ಕೆ ತಾಗುವಂತೆ ಕೂರಿ, ಅರ್ಧ ಗಂಟೆಗೊಮ್ಮೆ ಏಳಿ. ಈಳಿಗೆಮಣೆಯ ಮುಂದೆ ಒಂದು ಕಾಲು ಮಡಚಿ ಕೂತೇ ತರಕಾರಿ ಹೆಚ್ಚುವ ರೂಢಿ ಇದ್ದವರು ಕೆಲ ದಿನ ನಿಂತು ಹೆಚ್ಚಿ. ಮಲಗುವಾಗ ನೋಯುವ ಮಗ್ಗುಲು ಮೇಲಿರಲಿ, ಮಂಡಿಗಳ ನಡುವೆ ದಿಂಬು ಇರಲಿ. ಇಲ್ಲದಿದ್ದರೆ ಮೇಲಿನ ಕಾಲು ಮುಂದಕ್ಕೆ ಜೋತು ಆ ಸ್ನಾಯುವನ್ನು ರಾತ್ರಿಯಿಡೀ ಎಳೆಯುತ್ತದೆ.

ಬೆಳಿಗ್ಗೆ, ಸಂಜೆ ಅಂಗಾತ ಮಲಗಿ ನೋಯುವ ಕಡೆಯ ಮಂಡಿಯನ್ನು ಮಡಚಿ ಎದುರು ಭುಜದತ್ತ ಮೆಲ್ಲನೆ ಎಳೆದುಕೊಳ್ಳಿ. 20–30 ಸೆಕೆಂಡು ಹಿಡಿದು ಬಿಡಿ, ಮೂರು ಸಲ. ಪಿರ್ರೆಯಲ್ಲಿ ಸೆಳೆತ ಗೊತ್ತಾಗಬೇಕು; ಕಾಲಿಗೆ ಜುಮ್ಮೆಂದು ಇಳಿದರೆ ಎಳೆದದ್ದು ಹೆಚ್ಚಾಯಿತು, ಸಡಿಲಿಸಿ. ನೋವು ತಗ್ಗಿದ ಮೇಲೆ ಮಂಡಿ ಮಡಚಿ ಮಲಗಿಯೇ ಸೊಂಟವನ್ನು ಮೇಲೆತ್ತಿ ಇಳಿಸುವುದನ್ನು ರೂಢಿಸಿಕೊಳ್ಳಿ, ಪಿರ್ರೆಯ ದೊಡ್ಡ ಸ್ನಾಯುಗಳಿಗೆ ಕಸುವು ಬರುತ್ತದೆ. ಟವೆಲ್ ಸುತ್ತಿದ ಬಿಸಿನೀರಿನ ಚೀಲದಿಂದ ಹದಿನೈದು ನಿಮಿಷದ ಶಾಖ ಹಿತ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರು ಬಿಸಿಯನ್ನು ಬೇರೆಯವರ ಕೈಯಲ್ಲಿ ಪರೀಕ್ಷಿಸಿಕೊಳ್ಳಲಿ. ಮೊಮ್ಮಕ್ಕಳನ್ನು ಹತ್ತಿಸಿ ತುಳಿಸಿಕೊಳ್ಳುವುದು, ಎಣ್ಣೆ ಹಚ್ಚಿ ಮೊಣಕೈಯಿಂದ ಗುದ್ದಿಸಿಕೊಳ್ಳುವುದು ಬೇಡ: ಕೆಳಗಿರುವುದು ನರ. ಹಾಸಿಗೆ ಹಿಡಿದು ಮಲಗಿಯೇ ಇರುವುದೂ ಬೇಡ.

ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿನ ಸುತ್ತ ಮರಗಟ್ಟಿದರೆ, ಪಾದ ಎತ್ತಲಾಗದೆ ನೆಲಕ್ಕೆ ಎಳೆದರೆ, ಎರಡೂ ಕಾಲು ಸೋತರೆ ಶಾಖ ಕೊಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡಿ. ಇವೇನೂ ಇಲ್ಲದೆ ಕೆಲವು ವಾರ ಕಳೆದರೂ ನೋವು ಇಳಿಯದಿದ್ದರೆ ಮೂಳೆ ವೈದ್ಯರನ್ನು ಕಾಣಿ. ಸ್ಕ್ಯಾನ್ ವರದಿ ಚಾಚುವ ಮೊದಲು, ಕೂತಾಗ ಹೇಗೆ, ನಡೆದಾಗ ಹೇಗೆ, ನೋವು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳಿ.