350 ಅನ್ನು 383 ಮಾಡುವಾಗ: ಸ್ಟ್ರೋಕರ್ ಎಂಜಿನ್ ಬಾಳಿಕೆ ಬರಬೇಕಾದರೆ

ಸ್ಟ್ರೋಕರ್ ಎಂಜಿನ್, ಅಂದರೆ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) ಹೆಚ್ಚಿಸಿದ ಎಂಜಿನ್, ಬಾಳಿಕೆ ಬರುವುದಿಲ್ಲ ಎನ್ನುವವರು ಬಹಳ. ನನ್ನ ಅನುಭವದಲ್ಲಿ ಅದನ್ನು ಕೊಲ್ಲುವುದು ಉದ್ದದ ಸ್ಟ್ರೋಕ್ ಅಲ್ಲ. ಸ್ಟ್ರೋಕ್ ಬದಲಾದ ಮೇಲೂ ಹಳೆಯ ಆರ್‌ಪಿಎಂ, ಹಳೆಯ ಹೆಡ್, ಕ್ರ್ಯಾಂಕಿನ ಮುಂತುದಿಯಲ್ಲಿ ನಡುಕ ತಡೆಯುವ ಹಳೆಯ ಡ್ಯಾಂಪರನ್ನೇ ನೆಚ್ಚಿಕೊಂಡರೆ ಅದು ಸಾಯುತ್ತದೆ. ಇಲ್ಲಿರುವ ಲೆಕ್ಕವೆಲ್ಲ ಷೆವರ್ಲೆಯ 350 ಘನ ಇಂಚಿನ ಸ್ಮಾಲ್ ಬ್ಲಾಕ್ ಎಂಜಿನ್ನನ್ನು 383 ಘನ ಇಂಚಿನದು ಮಾಡುವುದಕ್ಕೆ ಸಂಬಂಧಿಸಿದ್ದು: 4.000 ಇಂಚಿನ ಬೋರ್ (ಸಿಲಿಂಡರಿನ ವ್ಯಾಸ) 4.030 ಆಗುತ್ತದೆ, 3.48 ಇಂಚಿನ ಸ್ಟ್ರೋಕ್ 3.75 ಆಗುತ್ತದೆ, 5.7 ಲೀಟರ್ ಹೋಗಿ ಸುಮಾರು 6.3 ಲೀಟರ್ ಆಗುತ್ತದೆ.

ಮೊದಲು ಆರ್‌ಪಿಎಂ ಮಿತಿ ಗೊತ್ತುಮಾಡಿಕೊಳ್ಳುತ್ತೇನೆ, ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟಿನ ಆಯ್ಕೆ ಆಮೇಲೆ. 6,000 ಆರ್‌ಪಿಎಂನಲ್ಲಿ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 17.7 ಮೀಟರ್ ಇದ್ದದ್ದು 19 ಆಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಪಿಸ್ಟನ್ ಮೇಲ್ತುದಿಯಲ್ಲಿ ನಿಂತು ಹಿಂದಿರುಗುವಾಗಿನ ಎಳೆತ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡ್ 5.7 ಇಂಚಿನದೆಂದು ಇಟ್ಟು ಲೆಕ್ಕ ಹಾಕಿದರೆ ಅದು ಸುಮಾರು ಶೇ. 10ರಷ್ಟು ಏರುತ್ತದೆ. ರಾಡ್ ಬೋಲ್ಟಿಗೆ ಅತಿ ಹೆಚ್ಚು ಎಳೆತ ಬೀಳುವುದು ಎಕ್ಸಾಸ್ಟ್ ಮುಗಿದು ಇನ್‌ಟೇಕ್ ಶುರುವಾಗುವ ಹೊತ್ತಿನಲ್ಲಿ, ಯಾಕೆಂದರೆ ಆಗ ಪಿಸ್ಟನ್‌ನ ತಲೆ ಮೇಲೆ ಒತ್ತುವ ಅನಿಲವೇ ಇರುವುದಿಲ್ಲ. ಪವರ್ ಸ್ಟ್ರೋಕಿನಲ್ಲಿ ಒತ್ತಡ ಕೆಳಗೆ ತಳ್ಳುವುದರಿಂದ ಬೋಲ್ಟಿಗೆ ಉಸಿರಾಡಲು ಜಾಗ ಸಿಗುತ್ತದೆ. ಹಾಗಾಗಿ ಬೋಲ್ಟ್ ಕತ್ತರಿಸುವುದು ಆರ್‌ಪಿಎಂ, ಹಾರ್ಸ್‌ಪವರ್ ಅಲ್ಲ. 350 ಎಂಜಿನ್ 6,000ದಲ್ಲಿ ಕಾಣುವ ಎಳೆತವನ್ನು 383 ಸುಮಾರು 5,700ರಲ್ಲೇ ಕಾಣುತ್ತದೆ. ರಸ್ತೆಯಲ್ಲಿ ಓಡುವ ಗಾಡಿಗೆ ಆರ್‌ಪಿಎಂ ಏರದಂತೆ ತಡೆಯುವ ಲಿಮಿಟರನ್ನು ನಾನು ಇಡುವುದು ಅಲ್ಲಿಗೇ. ಕ್ಯಾಮ್‌ಶಾಫ್ಟನ್ನೂ ಅದಕ್ಕಿಂತ 400-500 ಆರ್‌ಪಿಎಂ ಕೆಳಗೇ ಪವರ್ ಮುಗಿಯುವಂಥದ್ದನ್ನು ಆರಿಸುತ್ತೇನೆ.

ರಾಡ್ 5.7 ಇಂಚೋ 6.0 ಇಂಚೋ ಎಂಬ ವಾದಕ್ಕೆ ಕೊನೆಯಿಲ್ಲ. ಉದ್ದದ ರಾಡ್ ಹಾಕಿದರೆ ಮೇಲ್ತುದಿಯ ಎಳೆತ ಇಳಿಯುವುದು ಶೇ. 1ರಷ್ಟು ಮಾತ್ರ. ರಾಡ್ ವಾಲುವ ಕೋನ 19.2ರಿಂದ 18.2 ಡಿಗ್ರಿಗೆ ಇಳಿಯುವುದರಿಂದ ಸಿಲಿಂಡರ್ ಗೋಡೆಗೆ ಬೀಳುವ ಒತ್ತು ತುಸು ಕಮ್ಮಿ. ಬದಲಿಗೆ ಪಿನ್ನಿನಿಂದ ಪಿಸ್ಟನ್ ತಲೆಯವರೆಗಿನ ಎತ್ತರ 1.425ರಿಂದ 1.125 ಇಂಚಿಗೆ ಕುಗ್ಗಿ, ರಿಂಗುಗಳೆಲ್ಲ ಮೇಲಕ್ಕೆ ಒತ್ತೊತ್ತಾಗಿ ಸೇರುತ್ತವೆ. ದಿನಬಳಕೆಯ ಗಾಡಿಗೆ ನಾನು 5.7 ಅನ್ನೇ ಹಾಕುತ್ತೇನೆ. ಆದರೆ ಅದರಲ್ಲಿ ಪಿಸ್ಟನ್ ಕೆಳತುದಿಗೆ ಬಂದಾಗ ಅದರ ಸ್ಕರ್ಟ್ (ಕೆಳಗಿನ ಅಂಚು) ಮತ್ತು ಕ್ರ್ಯಾಂಕಿನ ಕೌಂಟರ್‌ವೇಟ್ (ಸಮತೋಲದ ತೂಕ) ನಡುವೆ ಜಾಗ ಇದೆಯೇ ಎಂದು ತಪ್ಪದೆ ನೋಡಬೇಕು.

ಜಾಗದ ವಿಷಯದಲ್ಲಿ ಅವಸರ ಬೇಡವೇ ಬೇಡ. ಬೋರಿಂಗ್‌ಗೆ ಕೊಡುವ ಮೊದಲೇ ಕ್ರ್ಯಾಂಕ್, ಕ್ಯಾಮ್, ರಿಂಗ್ ಇಲ್ಲದ ಹಳೆಯ ಪಿಸ್ಟನ್, ಹೊಸ ರಾಡ್ ಹಾಕಿ ಬ್ಲಾಕನ್ನು ಸುಳ್ಳು ಜೋಡಣೆ ಮಾಡಿ ನೋಡುತ್ತೇನೆ. ತಗಲುವ ಕಡೆಗಳು ಮುಖ್ಯವಾಗಿ ಮೂರು: ರಾಡ್ ಬೋಲ್ಟಿನ ಭುಜ ಬ್ಲಾಕಿಗೆ ಸಂಪ್ (ಎಣ್ಣೆ ತೊಟ್ಟಿ) ಕೂರುವ ಅಂಚಿಗೆ, ಸಿಲಿಂಡರಿನ ಕೆಳಬಾಯಿಗೆ, ಕ್ಯಾಮ್ ಲೋಬಿಗೆ (ವಾಲ್ವ್ ಎತ್ತುವ ಉಬ್ಬಿಗೆ). ಎಲ್ಲ ಕಡೆಯೂ ಕನಿಷ್ಠ 1.5 ಮಿ.ಮೀ. ಇರಲೇಬೇಕು. ಕ್ಯಾಮ್ ಹತ್ತಿರ ಅಳೆಯಲು ರಾಡ್ ಭುಜದ ಮೇಲೆ ಮಾಡೆಲಿಂಗ್ ಕ್ಲೇಯ ಒಂದು ಪಟ್ಟಿ ಅಂಟಿಸಿ, ಲೋಬಿಗೆ ಎಣ್ಣೆ ಸವರಿ, ಕ್ರ್ಯಾಂಕನ್ನು ಕೈಯಲ್ಲಿ ಪೂರಾ ಎರಡು ಸುತ್ತು ತಿರುಗಿಸುತ್ತೇನೆ. ಒಂದು ಸುತ್ತಿಗೆ ಕ್ಯಾಮ್ ಅರ್ಧ ಮಾತ್ರ ತಿರುಗಿರುತ್ತದೆ, ತಗಲುವ ಲೋಬ್ ಇನ್ನೂ ಬಂದೇ ಇರುವುದಿಲ್ಲ. ಆಮೇಲೆ ಕ್ಲೇಯನ್ನು ಬ್ಲೇಡಿನಿಂದ ಸೀಳಿ, ಅತಿ ತೆಳುವಾದ ಕಡೆ ಅಳೆಯುವುದು. ಎಂಟೂ ರಾಡ್‌ಗಳಿಗೆ ಹೀಗೇ. ಆಮೇಲೆ ಕ್ಯಾಮನ್ನು 4 ಡಿಗ್ರಿ ಮುಂದೆ ಸರಿಸಿದರೆ ಈ ಅಳತೆಯೂ ಬದಲಾಗುತ್ತದೆ, ಆದ್ದರಿಂದ ಕ್ಯಾಮ್ ಟೈಮಿಂಗ್ ಕೂರಿಸಿದ ಮೇಲೆಯೇ ಅಳೆಯಬೇಕು. ಜಾಗ ಸಾಲದಿದ್ದರೆ ಸಣ್ಣ ಬೇಸ್ ಸರ್ಕಲ್‌ನ (ಲೋಬಿನ ದುಂಡು ಭಾಗ ಚಿಕ್ಕದಾದ) ಕ್ಯಾಮ್ ಹಾಕಬೇಕು, ಇಲ್ಲವೆ ಭುಜ ತೆಳುವಾದ ಸ್ಟ್ರೋಕರ್ ರಾಡ್ ಹಾಕಬೇಕು. ಬ್ಲಾಕಿನ ಅಂಚನ್ನು ಕಾರ್ಬೈಡ್ ಬರ್‌ನಿಂದ ಸ್ವಲ್ಪ ತೆಗೆದು, ತಿರುಗಿಸಿ ನೋಡಿ, ಮತ್ತೆ ತೆಗೆಯುತ್ತೇನೆ. ಆ ಕಬ್ಬಿಣದ ಹಿಂದೆ ವಾಟರ್ ಜಾಕೆಟ್ ಇದೆ. ಒಂದು ತೂತು ಬಿದ್ದರೆ ಬ್ಲಾಕ್ ಹೋದಂತೆಯೇ.

ಕಂಪ್ರೆಷನ್ (ಸಿಲಿಂಡರಿನಲ್ಲಿ ಮಿಶ್ರಣವನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬ ಲೆಕ್ಕ) ತಾನಾಗಿಯೇ ಏರುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. 64 ಸಿಸಿ ಚೇಂಬರಿನ ಹೆಡ್, 5 ಸಿಸಿ ವಾಲ್ವ್ ಗುಳಿಯ ಚಪ್ಪಟೆ ಪಿಸ್ಟನ್, 0.040 ಇಂಚಿನ ಗ್ಯಾಸ್ಕೆಟ್, ಡೆಕ್‌ಗಿಂತ (ಹೆಡ್ ಕೂರುವ ಬ್ಲಾಕಿನ ಮೇಲ್ಮೈಗಿಂತ) 0.025 ಇಂಚು ಕೆಳಗೆ ನಿಲ್ಲುವ ಪಿಸ್ಟನ್ ಇದ್ದರೆ 350ರಲ್ಲಿ 9.6 ಬರುತ್ತದೆ, ಅದೇ ಸಾಮಾನಿಗೆ 383ರಲ್ಲಿ ಸುಮಾರು 10.5. ದಪ್ಪ ಗ್ಯಾಸ್ಕೆಟ್ ಹಾಕಿ ಇಳಿಸಲು ಹೋಗಬೇಡಿ. ಪಿಸ್ಟನ್ ಮತ್ತು ಹೆಡ್ ನಡುವಿನ ಅಂತರ ಹೆಚ್ಚಿದಷ್ಟೂ ಮಿಶ್ರಣದ ಕಲಕಾಟ ಕಮ್ಮಿಯಾಗಿ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವುದು) ಹತ್ತಿರವಾಗುತ್ತದೆ. ನಾನು ಡೆಕ್ ಕತ್ತರಿಸಿ ಆ ಅಂತರವನ್ನು 0.040 ಇಂಚಿಗೆ, ಅಂದರೆ 1 ಮಿ.ಮೀ.ಗೆ ತರುತ್ತೇನೆ. ಒಟ್ಟು 16 ಸಿಸಿ ಗುಳಿಯ ಡಿ ಆಕಾರದ ಪಿಸ್ಟನ್ ಹಾಕಿದರೆ ಕಂಪ್ರೆಷನ್ 9.8ರ ಆಸುಪಾಸಿಗೆ ಬಂದು ನಿಲ್ಲುತ್ತದೆ.

ಬ್ಯಾಲೆನ್ಸಿಂಗ್‌ನಲ್ಲಿ ಆಗುವ ತಪ್ಪು ಹೆಚ್ಚಾಗಿ ಸಾಮಾನು ಕೊಳ್ಳುವಾಗಲೇ ಆಗಿರುತ್ತದೆ. ಷೆವರ್ಲೆಯ ಹಳೆಯ 400 ಎಂಜಿನ್ನಿನ ಕ್ರ್ಯಾಂಕ್ ಹೊರಗಿನಿಂದ ಬ್ಯಾಲೆನ್ಸ್ ಆದದ್ದು. ಅದರ ಡ್ಯಾಂಪರಿನಲ್ಲೂ ಫ್ಲೈವೀಲಿನಲ್ಲೂ ಬೇಕೆಂದೇ ಕೂರಿಸಿದ ತೂಕ ಇರುತ್ತದೆ. ಒಳಗೇ ಬ್ಯಾಲೆನ್ಸ್ ಮಾಡಿದ ಕ್ರ್ಯಾಂಕಿಗೆ ಅವನ್ನು ಹಾಕಿದರೆ ನಡುಕ ಶುರುವಾಗಿ ಮೇನ್ ಬೇರಿಂಗ್ ತಿನ್ನುತ್ತದೆ. 1986ರಿಂದ ಬಂದ ಒಂದೇ ತುಂಡಿನ ಹಿಂದಿನ ಸೀಲಿನ 350ರಲ್ಲಿ ಹಿಂಬದಿಯ ತೂಕ ಮಾತ್ರ ಫ್ಲೈವೀಲಿನಲ್ಲಿದೆ, ಅದು ಇನ್ನೊಂದೇ ಬಗೆ. ಯಾವುದೇ ಕಿಟ್ ಆಗಲಿ, ಡ್ಯಾಂಪರ್, ಫ್ಲೈವೀಲ್ ಎರಡನ್ನೂ ಕ್ರ್ಯಾಂಕಿನ ಜೊತೆಗೇ ಬ್ಯಾಲೆನ್ಸಿಂಗ್‌ಗೆ ಕೊಡಿ.

ಬೇರಿಂಗ್ ಕ್ಲಿಯರೆನ್ಸ್ ಜರ್ನಲ್‌ನ (ಬೇರಿಂಗಿನಲ್ಲಿ ತಿರುಗುವ ಕ್ರ್ಯಾಂಕಿನ ಭಾಗದ) ವ್ಯಾಸದ ಪ್ರತಿ ಇಂಚಿಗೆ 0.001 ಇಂಚು: 2.45 ಇಂಚಿನ ಮೇನ್‌ಗೆ 0.0025, 2.10ರ ರಾಡ್‌ಗೆ 0.0021ರಿಂದ 0.0025. ಬೇರಿಂಗ್ ಕೂರಿಸಿ, ಕ್ಯಾಪನ್ನು ಪೂರ್ತಿ ಬಿಗಿದು, ಡಯಲ್ ಬೋರ್ ಗೇಜ್‌ನಿಂದಲೇ ಅಳೆಯುತ್ತೇನೆ. ಹೊಸ ಕ್ರ್ಯಾಂಕುಗಳಲ್ಲಿ ಜರ್ನಲ್ ಮೂಲೆಯ ದುಂಡು ದೊಡ್ಡದು. ಅಂಚು ಕೆತ್ತದ ಬೇರಿಂಗ್ ಅಲ್ಲಿಗೆ ಉಜ್ಜುತ್ತದೆ. ರಾಡ್‌ನ ಅಗಲ ಚಾಂಫರ್ ಇರುವ ಬದಿ ಕ್ರ್ಯಾಂಕಿನ ಕೆನ್ನೆಯ ಕಡೆಗೆ, ಚಪ್ಪಟೆ ಬದಿ ಪಕ್ಕದ ರಾಡ್‌ನ ಕಡೆಗೆ. ತಿರುವುಮುರುವು ಹಾಕಿದರೆ ಬಿಗ್ ಎಂಡ್ ಬೇರಿಂಗ್ ಬಾಳುವುದಿಲ್ಲ.

ರಿಂಗ್ ಗ್ಯಾಪ್ (ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವಿನ ಸಂದು): ಟರ್ಬೊ ಇಲ್ಲದ ರಸ್ತೆ ಎಂಜಿನ್ನಿಗೆ ಮೇಲಿನದಕ್ಕೆ 0.018 ಇಂಚು, ಎರಡನೆಯದಕ್ಕೆ 0.020. ಕಮ್ಮಿಯಾದರೆ ಬಿಸಿಯಲ್ಲಿ ತುದಿಗಳು ಒಂದಕ್ಕೊಂದು ಗುದ್ದಿ ಪಿಸ್ಟನ್ನಿನ ರಿಂಗ್ ಲ್ಯಾಂಡ್ (ರಿಂಗುಗಳ ನಡುವಿನ ಪಟ್ಟಿ) ಮುರಿಯುತ್ತದೆ.

ರಾಡ್ ಬೋಲ್ಟನ್ನು ಟಾರ್ಕ್ ರೆಂಚ್ ನಂಬಿ ಬಿಗಿಯುವುದಿಲ್ಲ, ಸ್ಟ್ರೆಚ್ ಗೇಜ್ ಇಟ್ಟು ಬೋಲ್ಟ್ ಕಂಪನಿ ಹೇಳಿದಷ್ಟು ಹಿಗ್ಗಿಸುತ್ತೇನೆ. ಬಿಗಿಯುವ ಮೊದಲಿನ ಉದ್ದವನ್ನು ಸಿಲಿಂಡರ್ ನಂಬರಿನ ಎದುರು ಬರೆದಿಡಿ. ಮುಂದೆ ಬಿಚ್ಚಿದಾಗ 0.001 ಇಂಚು ಬೆಳೆದಿದ್ದರೆ ಆ ಬೋಲ್ಟ್ ಕಸಕ್ಕೆ.

ಸ್ಟಾರ್ಟ್ ಮಾಡುವ ಮೊದಲು ಡ್ರಿಲ್‌ನಿಂದ ಆಯಿಲ್ ಪಂಪನ್ನು ಬಲಕ್ಕೆ ತಿರುಗಿಸಿ, ಎಲ್ಲ ರಾಕರ್‌ಗಳಲ್ಲೂ ಎಣ್ಣೆ ಬರುವ ತನಕ ಪ್ರೈಮ್ ಮಾಡುತ್ತೇನೆ. ಪಂಪ್ ತಿರುಗಿಸಲು ಡ್ರಿಲ್‌ಗೆ ಬರೀ ಸರಳು ಹಾಕಿದರೆ ಸಾಲದು. ಡಿಸ್ಟ್ರಿಬ್ಯೂಟರಿನ ಮೈಯೇ ಟ್ಯಾಪೆಟ್ ಗ್ಯಾಲರಿಯ (ಕ್ಯಾಮ್ ಮೇಲೆ ಕೂರುವ ಟ್ಯಾಪೆಟ್‌ಗಳಿಗೆ ಎಣ್ಣೆ ಒಯ್ಯುವ ಕಾಲುವೆಯ) ದಾರಿಯನ್ನು ಮುಚ್ಚುವುದು, ಆದ್ದರಿಂದ ಹಳೆಯ ಡಿಸ್ಟ್ರಿಬ್ಯೂಟರಿನ ಗೇರ್ ಹಲ್ಲು ತೆಗೆದು ಅದನ್ನೇ ಪ್ರೈಮಿಂಗ್ ಟೂಲ್ ಮಾಡಿಕೊಳ್ಳಬೇಕು. ಫ್ಲಾಟ್ ಟ್ಯಾಪೆಟ್ ಕ್ಯಾಮ್ ಆದರೆ ಸ್ಟಾರ್ಟ್ ಆದ ಕೂಡಲೇ 2,000ರಿಂದ 2,500 ಆರ್‌ಪಿಎಂ, 20 ನಿಮಿಷ, ಜಿಂಕ್ ಹೆಚ್ಚಿರುವ ಎಣ್ಣೆಯಲ್ಲಿ.

ಆಮೇಲೆ ಫಿಲ್ಟರ್ ಕತ್ತರಿಸಿ, ಒಳಗಿನ ಕಾಗದವನ್ನು ಬಿಡಿಸಿ ಬಿಳಿ ಬಟ್ಟೆಯ ಮೇಲೆ ಹರವಿ ನೋಡಬೇಕು. ಬೂದು ಮಸಿಯಂಥದ್ದು ಜೋಡಣೆಯ ಗ್ರೀಸ್. ಮ್ಯಾಗ್ನೆಟ್ಟಿಗೆ ಅಂಟುವ ನವಿರು ಪುಡಿ ಸ್ವಲ್ಪ ಇದ್ದರೆ ಅದು ರಿಂಗ್, ಕ್ಯಾಮ್ ಪಳಗಿದ್ದರ ಗುರುತು. ಮ್ಯಾಗ್ನೆಟ್ಟಿಗೆ ಅಂಟದ ತಾಮ್ರದ ಬಣ್ಣದ ಚೂರು ಕಂಡರೆ ಎಂಜಿನ್ ಮತ್ತೆ ಸ್ಟಾರ್ಟ್ ಮಾಡದೆ ಸಂಪ್ ಇಳಿಸಿ, ಮೊದಲು ರಾಡ್ ಬೇರಿಂಗ್‌ಗಳನ್ನು ನೋಡಿ.