ಅದೇ ದಿನ ಮನೆಗೆ ಬರೋ ಪ್ರಾಸ್ಟೇಟ್ ಆಪರೇಷನ್: ಆರಿಸೋ ಮುಂಚೆ ಏನೇನು ಕೇಳಬೇಕು

ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು. ಬೀದರ, ಯಾದಗಿರಿ, ಸೇಡಂ, ಚಿಂಚೋಳಿ, ಯಾವ ಸ್ಟ್ಯಾಂಡಿನ ಮೂತ್ರಿಖಾನೆ ಯಾವ ಮೂಲೆಯಲ್ಲಿದೆ ಅನ್ನೋದು ನನಗೆ ಟಿಕೆಟ್ ದರಕ್ಕಿಂತ ಬಾಯಿಪಾಠ. ನೌಕರಿಯ ಕೊನೆಯ ಎರಡು ವರ್ಷ ಹುಮನಾಬಾದಿನಲ್ಲಿ ಬಸ್ಸು ನಿಂತಾಗಲೆಲ್ಲ ಡ್ರೈವರ್ ಹಾರ್ನ್ ಹೊಡೆದು ಸಾಕಾಗಿ, "ಏನ್ರೀ ಮಾವ, ಹೊಳಿ ಹರಸಾಕತ್ತೀರೇನು?" ಅಂತಿದ್ದ. ಹೊಳೆ ಎಲ್ಲಿಂದ ಬರಬೇಕು, ಹನಿ ಹನಿಯೇ ಬರ್ತಿತ್ತು.

ಪೂರ್ತಿ ಬಂದ್ ಆದದ್ದು ಒಂದು ಮದುವೆ ಮನೆಯಲ್ಲಿ. ನೆಗಡಿ ಅಂತ ಅಂಗಡಿಯ ಮಾತ್ರೆ ಎರಡು ಸಲ ನುಂಗಿದ್ದೆ. ನೆಗಡಿ ಮಾತ್ರೆಯಲ್ಲಿರೋ ಕೆಲವು ಔಷಧ ಮೂತ್ರಕೋಶದ ಬಾಯನ್ನ ಬಿಗಿ ಮಾಡುತ್ತವೆ, ಮೂತ್ರದ ದಾರಿಯ ಸುತ್ತ ಇರೋ ಪ್ರಾಸ್ಟೇಟ್ ಗ್ರಂಥಿ ದಪ್ಪ ಆದವರು ಕೇಳದೆ ನುಂಗಬಾರದು. ಅವತ್ತು ರಾತ್ರಿ ಮೂತ್ರದ ದಾರಿಗೆ ನಳಿಗೆ (ಕ್ಯಾಥೆಟರ್) ಹಾಕಿದಾಗ ಚೀಲಕ್ಕೆ ಬಂದದ್ದು 900 ಮಿ.ಲೀ.

ಆಮೇಲೆ ಸಿಕ್ಕವರನ್ನೆಲ್ಲ "ಯಾವ ಆಪರೇಷನ್ ಛಲೋ?" ಅಂತ ಕೇಳಿದೆ. ತಪ್ಪು ಪ್ರಶ್ನೆ. ಮೊದಲು ನಿಮ್ಮ ಲೆಕ್ಕ ನಿಮ್ಮ ಕೈಯಲ್ಲಿರಬೇಕು: ಸ್ಕ್ಯಾನಿನಲ್ಲಿ ಗ್ರಂಥಿ ಎಷ್ಟು ಗ್ರಾಂ, ಉಚ್ಚೆ ಹೊಯ್ದ ಮೇಲೆ ಒಳಗೆ ಎಷ್ಟು ಉಳಿಯುತ್ತೆ, ಸೆಕೆಂಡಿಗೆ ಎಷ್ಟು ಮಿ.ಲೀ. ಹರಿಯುತ್ತೆ, ಪಿ.ಎಸ್.ಎ. (ಪ್ರಾಸ್ಟೇಟ್ ಕ್ಯಾನ್ಸರ್ ಅನುಮಾನ ನೋಡೋ ರಕ್ತಪರೀಕ್ಷೆ) ಎಷ್ಟು. ಹರಿವು 10ರ ಒಳಗಿದ್ದರೆ ಅಡ್ಡ ಇದೆ ಅನ್ನೋ ಅನುಮಾನ ಗಟ್ಟಿ. ಗ್ರಂಥಿ ಕುಗ್ಗಿಸೋ ಮಾತ್ರೆ ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಆರು ತಿಂಗಳು ತಿಂದಿದ್ದರೆ ಪಿ.ಎಸ್.ಎ. ಸುಮಾರು ಅರ್ಧಕ್ಕೆ ಇಳಿದಿರುತ್ತೆ, ಅದನ್ನ ಡಾಕ್ಟರಿಗೆ ಹೇಳಲೇಬೇಕು. ನನ್ನ ಗ್ರಂಥಿ 68 ಗ್ರಾಂ ಇತ್ತು. ಹರೆಯದ ಗಂಡಸರಿಗೆ ಅದು 20ರ ಆಸುಪಾಸು.

ಹಳೆಯ, ಎಲ್ಲರಿಗೂ ಗೊತ್ತಿರೋ ದಾರಿ ಟಿ.ಯು.ಆರ್.ಪಿ. ಮೂತ್ರದ ದಾರಿಯಿಂದಲೇ ದುರ್ಬೀನು ಬಿಟ್ಟು, ಕರೆಂಟಿನ ತಂತಿಯಿಂದ ಒಳಗಿನ ಮಾಂಸವನ್ನ ಚೂರುಚೂರಾಗಿ ಹೆರೆಯೋದು. 30ರಿಂದ 80 ಗ್ರಾಂವರೆಗೆ ಚೆನ್ನಾಗಿ ಕೆಲಸ ಮಾಡುತ್ತೆ, ಆದರೆ ತೊಳೆಯೋ ನೀರು, ರಕ್ತ ಅಂತ ಒಂದೆರಡು ರಾತ್ರಿ ದವಾಖಾನೆಯಲ್ಲೇ ಕಳೆಯೋದು ಜಾಸ್ತಿ. ಇದರಲ್ಲೇ ಒಂದು ಪ್ರಶ್ನೆ ಬಿಡಬೇಡಿ: ಹೆರೆಯೋ ಕರೆಂಟು ಮೊನೊಪೋಲಾರೋ, ಬೈಪೋಲಾರೋ? ಹಳೆಯ ಮೊನೊಪೋಲಾರಿನಲ್ಲಿ ತೊಳೆಯೋಕೆ ಗ್ಲೈಸಿನ್ ದ್ರಾವಣ ಬಳಸ್ತಾರೆ. ಅದು ರಕ್ತಕ್ಕೆ ಹೆಚ್ಚು ಹೀರಿದರೆ ಸೋಡಿಯಂ ಇಳಿದು ಮಂಪರು, ವಾಂತಿ, ಇನ್ನೂ ಕೆಟ್ಟದ್ದೂ ಆಗಬಹುದು. ಬೈಪೋಲಾರಿಗೆ ಸಲೈನೇ ಸಾಕು, ಆ ಭಯ ಇಲ್ಲ.

ಹೋಲೆಪ್ ಅನ್ನೋದು ಹೋಲ್ಮಿಯಂ ಲೇಸರ್. ಹೆರೆಯೋದಲ್ಲ, ಮೋಸಂಬಿಯ ತಿರುಳನ್ನ ಸಿಪ್ಪೆಯಿಂದ ಬಿಡಿಸಿದಂಗೆ ಇಡೀ ಗಡ್ಡೆಯನ್ನ ಬಿಡಿಸಿ ಮೂತ್ರಕೋಶದೊಳಗೆ ತಳ್ಳಿ, ಅಲ್ಲಿ ಪುಡಿ ಮಾಡಿ ಹೀರೋದು. 100 ಗ್ರಾಂ ದಾಟಿದರೂ ನಡೆಯುತ್ತೆ, ರಕ್ತ ಕಡಿಮೆ, ಮತ್ತೆ ಬೆಳೆದು ಮತ್ತೆ ಮಾಡಿಸೋದು ಅಪರೂಪ. ಅದಕ್ಕೇ ಅದೇ ದಿನ ಕಳಿಸೋಕೆ ಆಗುತ್ತೆ. ಕೈ ಪಳಗಬೇಕಾದ ಕೆಲಸ ಇದು, ಯಂತ್ರ ಇದ್ದರೆ ಸಾಲದು. "ಇಲ್ಲಿಯವರೆಗೆ ಎಷ್ಟು ಮಾಡೀರಿ?" ಅಂತ ನಾನು ಸಂಕೋಚ ಬಿಟ್ಟು ಕೇಳಿದೆ, ಡಾಕ್ಟರು ಸಿಟ್ಟಾಗಲಿಲ್ಲ. ಕೆಲವು ವಾರ ಕೆಮ್ಮಿದರೆ, ಸೀನಿದರೆ ಪಂಚೆ ಒದ್ದೆ ಆಗುತ್ತೆ, ಬಹಳ ಮಂದಿಗೆ ತಾನೇ ಸರಿಹೋಗುತ್ತೆ.

ಹಸಿರು ಲೇಸರ್ ಮಾಂಸವನ್ನ ಆವಿ ಮಾಡಿಬಿಡುತ್ತೆ. ರಕ್ತ ತೆಳು ಮಾಡೋ ಮಾತ್ರೆ ನಿಲ್ಲಿಸಲಾಗದ ಹೃದಯದ ಪೇಶಂಟಿಗೆ ಅನುಕೂಲ, ಆದರೆ ಪರೀಕ್ಷೆಗೆ ಕಳಿಸೋಕೆ ಚೂರೂ ಉಳಿಯಲ್ಲ. ಹಾಗಾಗಿ ಕ್ಯಾನ್ಸರ್ ಅನುಮಾನ ಮೊದಲೇ ತೀರಬೇಕು.

ಯೂರೋಲಿಫ್ಟ್ ಕತ್ತರಿಸೋದೇ ಇಲ್ಲ, ಎರಡೂ ಪಕ್ಕಗಳನ್ನ ಪರದೆ ಕಟ್ಟಿದಂಗೆ ಎಳೆದು ಕಟ್ಟುತ್ತೆ. ಬಹಳ ಸಲ ನಳಿಗೆಯೂ ಬೇಡ. ಗ್ರಂಥಿ ಸಣ್ಣದಿದ್ದು ಮಧ್ಯದ ಹಾಲೆ (ನಡುವಿನ ಭಾಗ) ಉಬ್ಬಿರದಿದ್ದರೆ ಮಾತ್ರ ಸಲ್ಲುತ್ತೆ, ಐದು ವರ್ಷದಲ್ಲಿ ನೂರರಲ್ಲಿ ಹದಿಮೂರು ಹದಿನಾಲ್ಕು ಮಂದಿಗೆ ಮತ್ತೆ ಮಾಡಬೇಕಾಗಿದೆ. ರೆಜ಼ೂಮ್ ಅಂದ್ರೆ ಬಿಸಿ ಉಗಿ ಚುಚ್ಚಿ ಗ್ರಂಥಿ ಕುಗ್ಗಿಸೋದು, ಒಂದೊಂದು ಚುಚ್ಚಿಗೆ 9 ಸೆಕೆಂಡು. ಹತ್ತಿಪ್ಪತ್ತು ನಿಮಿಷದ ಕೆಲಸ, ಮನೆಗೂ ಬರಬಹುದು, ಆದರೆ ಕೆಲವು ದಿನ ನಳಿಗೆ ಹೊತ್ತು ತಿರುಗಬೇಕು, ಪೂರ್ತಿ ಆರಾಮ ಕಾಣೋಕೆ ಮೂರು ತಿಂಗಳೂ ಹಿಡಿಯುತ್ತೆ.

ಇನ್ನೊಂದು ಮಾತು, ಗಂಡಸರು ಕೇಳಲ್ಲ, ಕೆಲವು ಡಾಕ್ಟರೂ ಹೇಳಲ್ಲ. ಟಿ.ಯು.ಆರ್.ಪಿ. ಆದ ಮೂವರಲ್ಲಿ ಇಬ್ಬರಿಗೆ ವೀರ್ಯ ಹೊರಗೆ ಬರದೆ ಮೂತ್ರಕೋಶಕ್ಕೆ ಹಿಂದೆ ಹೋಗುತ್ತೆ. ಹೋಲೆಪಿನಲ್ಲೂ ಹಾಗೇ, ಜಾಸ್ತಿಯೇ. ಅಪಾಯ ಇಲ್ಲ, ಸುಖವೂ ಹೋಗಲ್ಲ, ಮಕ್ಕಳ ಆಸೆ ಇದ್ದವರಿಗೆ ಮಾತ್ರ ದೊಡ್ಡ ಸಂಗತಿ. ಅಂಥವರಿಗೆ ಯೂರೋಲಿಫ್ಟ್, ರೆಜ಼ೂಮ್ ಮೇಲು.

ಆದರೆ ಅದೇ ದಿನ ಮನೆಗೆ ಬರೋದು ಲೇಸರಿಗಿಂತ ನಿಮ್ಮ ಮನೆ ಎಲ್ಲಿದೆ ಅನ್ನೋದರ ಮೇಲೆ ನಿಂತಿದೆ. ನನ್ನ ಗೆಳೆಯ ಹೈದರಾಬಾದಿನಲ್ಲಿ ಮಾಡಿಸಿಕೊಂಡು ಸಂಜೆಯೇ ರೈಲು ಹತ್ತಿದ. ತಾಂಡೂರು ದಾಟಿದ ಮೇಲೆ ರಕ್ತದ ಗಡ್ಡೆ ನಳಿಗೆಗೆ ಸಿಕ್ಕಿ ಬಂದ್. ಸೇಡಂನಲ್ಲಿ ಇಳಿಸಿ ಸಿರಿಂಜಿನಿಂದ ತೊಳೆಸೋವರೆಗೆ ಅವನ ಕೂಗು ಬೋಗಿಗೆಲ್ಲ ಕೇಳಿತ್ತು. ಚಿಂಚೋಳಿ, ಸುರಪುರದಂಥ ದೂರದ ಊರಿನವರು ದವಾಖಾನೆಯಿಂದ ಒಂದು ತಾಸಿನೊಳಗೆ ಯಾರದಾದರೂ ಮನೆ ನೋಡಿಕೊಂಡು ಮೊದಲ ರಾತ್ರಿ ಅಲ್ಲೇ ಇರಿ. ಪಕ್ಕದಲ್ಲಿ ಎಚ್ಚರ ಇರೋ ಒಬ್ಬರು ಬೇಕು, ರಾತ್ರಿ ಎರಡಕ್ಕೆ ಎತ್ತೋ ಫೋನ್ ನಂಬರ್ ಬೇಕು. ಚೀಲ ಖಾಲಿ ಮಾಡೋದನ್ನ ಹೊರಡೋ ಮುಂಚೆ ನರ್ಸ್ ಎದುರಿಗೆ ನೀವೇ ಒಂದು ಸಲ ಮಾಡಿ ತೋರಿಸಿ. ವಿಮೆ ಇದ್ದರೆ ಈ ಆಪರೇಷನ್ ಡೇ ಕೇರ್ (ಅದೇ ದಿನ ಬಿಡುಗಡೆ) ಪಟ್ಟಿಯಲ್ಲಿದೆಯಾ ನೋಡಿ, ಇಲ್ಲದಿದ್ದರೆ 24 ತಾಸು ಅಡ್ಮಿಟ್ ಇರಲಿಲ್ಲ ಅಂತ ತಕರಾರು ತೆಗೀಬಹುದು.

ನನ್ನದು ಹೋಲೆಪ್. ಸಂಜೆ ಆರಕ್ಕೆ ಹೊರಡಬೇಕಿತ್ತು, ಐದಕ್ಕೆ ಚೀಲದ ನೀರು ಇನ್ನೂ ದಾಳಿಂಬರ ರಸದ ಬಣ್ಣ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳು ಮಾಡೋ ಆಸ್ಪಿರಿನ್ ನುಂಗೋ ದೇಹ, ಡಾಕ್ಟರು ಬಿಡಲಿಲ್ಲ. ಮಗ ಮುಖ ಸಣ್ಣ ಮಾಡಿದ, ನಾನು ಆರಾಮ ಮಲಗಿದೆ. ಮರುದಿನ ಬೆಳಿಗ್ಗೆ ನಳಿಗೆ ತೆಗೆದರು, ಎರಡು ಸಲ ಹೊಯ್ದು ತೋರಿಸಿದ ಮೇಲೆ ಆಟೊ ಹತ್ತಿದೆ.

ಮನೆಯಲ್ಲಿ ಎರಡು ವಾರ ಖಡಕ್ ರೊಟ್ಟಿ ಬಿಟ್ಟು ಜೋಳದ ನುಚ್ಚು, ಪುಂಡಿಪಲ್ಯ, ಮಜ್ಜಿಗೆ ತಿಂದೆ. ಮಲ ಗಟ್ಟಿಯಾಗಿ ತಿಣುಕಿದರೆ ರಕ್ತ ಬರುತ್ತೆ. ಹತ್ತು ಹನ್ನೆರಡನೇ ದಿನ ಒಳಗಿನ ಹಕ್ಕಳೆ ಉದುರುವಾಗ ಉಚ್ಚೆ ಮತ್ತೆ ಕೆಂಪಾಗಿ ನಾನೂ ಗಾಬರಿಯಾದೆ. ನೀರು ಕುಡಿದು ಮಲಗಿದರೆ ತಿಳಿಯಾಗುತ್ತೆ. ರಕ್ತ ಗಡ್ಡೆ ಗಡ್ಡೆಯಾಗಿ ಬಂದರೆ, ಚಳಿಜ್ವರ ಬಂದರೆ, ಹೊಯ್ಯೋದೇ ನಿಂತರೆ ಬೆಳಗಾಗಲಿ ಅಂತ ಕಾಯಬೇಡಿ, ಹೊರಡಿ.