ಪಾವಗಡದ ಮಳೇಲೂ ಡ್ರಮ್ ತುಂಬುತ್ತೆ: ನನ್ನ ಅನುಭವ

ತಾರಸಿ ಮಳೆ ನೀರನ್ನ ಅಡುಗೆಗೆ ಅಂತ ಡ್ರಮ್‌ಗೆ ಹಿಡಿಯೋಕೆ ಶುರು ಮಾಡಿ ಮೂರು ವರ್ಷ ಆಯ್ತು, ಈ ಸಲ ಕೈ ಹಿಡೀತು, ಅದಕ್ಕೇ ಬರೀತಿದೀನಿ. ಸ್ವಾತಿ ಮಳೇಲಿ ತುಂಬಿದ ಐದು ಡ್ರಮ್ ನೀರು ಶಿವರಾತ್ರಿವರೆಗೂ ಬಂತು. ಮನೇಲಿ ನಾಲ್ಕು ಜನ, ಅನ್ನ, ಸಾರು, ಟೀ ಎಲ್ಲಾ ಅದ್ರಲ್ಲೇ. ಮೊದಲನೇ ಡ್ರಮ್ ತಂದಾಗ ಬೀದಿಯವ್ರು ಹೇಳಿದ್ದು ಇನ್ನೂ ನೆನಪಿದೆ, "ಇಲ್ಲಿ ಬಿಸಿಲು ಜಾಸ್ತಿ ಅಂತ ತಿರುಮಣೀಲಿ ಸೋಲಾರ್ ಪಾರ್ಕ್ ಮಾಡಿದಾರೆ, ನೀನು ಮಳೆ ಹಿಡೀತೀನಿ ಅಂತೀಯಲ್ಲಪ್ಪ" ಅಂತ. ಈಗ ಅವ್ರಲ್ಲೇ ಇಬ್ರು ನನ್ನ ಕೈಲಿ ಡ್ರಮ್ ಕೂರಿಸ್ಕೊಂಡಿದಾರೆ.

ನಮ್ಮ ಕಡೆ ಬೋರ್ ನೀರಿನ ಫ್ಲೋರೈಡ್ ಕಥೆ ಗೊತ್ತಿರೋದೇ. ಬೀದೀಲಿ ಆಡೋ ಮಕ್ಕಳ ಹಲ್ಲು ನೋಡಿದ್ರೆ ಸಾಕು, ಕಂದು ಗೆರೆ. ನಮ್ಮಮ್ಮ ಐವತ್ತು ದಾಟೋ ಮುಂಚೆನೇ ಮಂಡಿ ಹಿಡ್ಕೊಂಡು ಗೋಡೆ ಆನಿಸಿ ಏಳೋ ಹಾಗಾಯ್ತು. ಕುಡಿಯೋಕೆ ಎಲ್ರೂ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರ್ತಾರೆ, ಸರಿ, ಆದ್ರೆ ಅಡುಗೆಗೆ ಮಾತ್ರ ಬೋರ್ ನೀರೇ, ಅಕ್ಕಿ ಬೇಳೆ ಆ ನೀರನ್ನ ಹೀರ್ಕೊಂಡು ಹೊಟ್ಟೆಗೇ ಹೋಗುತ್ತೆ, ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತೆ ಅಷ್ಟೆ. ನನಗೆ ಬೇಕಾಗಿದ್ದು ದಿನಕ್ಕೆ ಹತ್ತು ಲೀಟರ್ ಅಡುಗೆ ನೀರು. ತುಂಗಭದ್ರೆ ಹಿನ್ನೀರು ಬರುತ್ತೆ ಅಂತ ವರ್ಷಗಟ್ಟಲೆ ಕೇಳ್ತಾ ಬಂದಿದ್ದೆ, ಕಾಯೋಕೆ ತಾಳ್ಮೆ ಇರ್ಲಿಲ್ಲ.

ಲೆಕ್ಕ ಸಿಂಪಲ್. ಮನೆ ಮುಂದಿನ ಆರ್‌ಸಿಸಿ ತಾರಸಿ ಸುಮಾರು 400 ಚದರಡಿ, ಅಂದ್ರೆ 37 ಚದರ ಮೀಟರ್, ಒಂದು ಮಿಲಿಮೀಟರ್ ಮಳೆಗೆ 37 ಲೀಟರ್. ವರ್ಷಕ್ಕೆ 500 ಚಿಲ್ಲರೆ ಮಿಲಿಮೀಟರ್ ಬೀಳುತ್ತೆ ಅಂತಿಟ್ಕೊಳ್ಳಿ, ಪೋಲಾಗಿದ್ದೆಲ್ಲ ಕಳೆದ್ರೂ ಹದಿನೈದು ಸಾವಿರ ಲೀಟರ್ ಎಲ್ಲೂ ಹೋಗಲ್ಲ. ಉತ್ತರೆ, ಹಸ್ತದಲ್ಲಿ ಒಂದು ಹದ ಮಳೆ ಬಿದ್ರೆ ಐದೂ ಡ್ರಮ್ ತುಂಬುತ್ತೆ. ಹಿಂದಿನ ಸಿಮೆಂಟ್ ಶೀಟ್ ಕಡೆ ನೀರು ಹಿಡಿಯೋಕೆ ಹೋಗ್ಲಿಲ್ಲ, ಹಳೇ ಶೀಟು, ಅಡುಗೆಗೆ ಬೇಡ.

ಮೊದಲನೇ ತಪ್ಪು ಡ್ರಮ್ಮೇ. ಗುಜರಿ ಅಂಗಡೀಲಿ 700ಕ್ಕೆ ಸಿಕ್ತು ಅಂತ ತಂದೆ, ಒಳಗೆ ಏನಿತ್ತೋ ಗೊತ್ತಿಲ್ಲ, ಸೋಪು ನೀರು ಹಾಕಿ ಹತ್ತು ಸಲ ತೊಳೆದ್ರೂ ಔಷಧಿ ವಾಸನೆ ಹೋಗ್ಲಿಲ್ಲ. ಅದನ್ನ ಗಾರೆ ಕೆಲ್ಸದವ್ರಿಗೆ ಕೊಟ್ಟುಬಿಟ್ಟೆ. ಏನು ತುಂಬಿತ್ತು ಅಂತ ಗೊತ್ತಿಲ್ಲದ ಡ್ರಮ್ ಪುಕ್ಕಟೆ ಕೊಟ್ರೂ ಬೇಡ. ಈಗ ಇರೋದೆಲ್ಲ ಮಿಡಿ ಸೌತೆ ಉಪ್ಪು ನೀರಲ್ಲಿ ಹಾಕಿ ವಿದೇಶಕ್ಕೆ ಕಳಿಸೋ ಕಡೆಯ ನೀಲಿ ಡ್ರಮ್, 220 ಲೀಟರ್, ಬಾಯಿ ಅಗಲ, ಮುಚ್ಚಳಕ್ಕೆ ಕ್ಲಾಂಪ್. ವಿನಿಗರ್ ವಾಸನೆ ಇರುತ್ತೆ, ಅಡುಗೆ ಸೋಡಾ ಹಾಕಿ ಉಜ್ಜಿ ನಾಲ್ಕು ದಿನ ಬಿಸಿಲಿಗೆ ಬೋರಲು ಹಾಕಿದ್ರೆ ಹೋಗುತ್ತೆ. ಒಂದಕ್ಕೆ 1,100 ಹತ್ರ ಬಿತ್ತು. ಎಲ್ಲಿಂದ ತರ್ತೀನಿ ಅನ್ನೋದು ಮಾತ್ರ ಹೇಳಲ್ಲ, ಹೇಳಿದ್ರೆ ಮುಂದಿನ ಸಲ ನನಗೇ 1,500 ಹೇಳ್ತಾರೆ.

ನಲ್ಲಿ ಕೂರ್ಸೋದ್ರಲ್ಲಿ ಎರಡು ಡ್ರಮ್ ಹಾಳು ಮಾಡ್ಕೊಂಡೆ. ಕಬ್ಬಿಣದ ಪೈಪ್ ಒಲೇಲಿ ಕಾಯಿಸಿ ತೂತು ಹಾಕಿದೆ, ಅಂಚು ಕರಗಿ ಉಬ್ಬಿ ಟ್ಯಾಂಕ್ ನಿಪ್ಪಲ್ (ನಲ್ಲೀನ ಡ್ರಮ್‌ಗೆ ಸೇರಿಸೋ ತುಂಡು) ಸಮ ಕೂರ್ಲೇ ಇಲ್ಲ, ಸುತ್ತ ಎಂ-ಸೀಲ್ ಮೆತ್ತಿದೆ, ಎರಡು ದಿನ ಚೆನ್ನಾಗಿತ್ತು, ಮೂರನೇ ದಿನ ಇಡೀ ಬಿಲ್ಲೆ ಹಂಗೇ ಕಳಚ್ಕೊಂಡು ಕೈಗೆ ಬಂತು. ಆ ಪ್ಲಾಸ್ಟಿಕ್‌ಗೆ ಯಾವ ಗಮ್ಮೂ ಹಿಡಿಯಲ್ಲ, ಅರಾಲ್ಡೈಟೂ ನೋಡಿದೀನಿ, ದುಡ್ಡು ದಂಡ. ಕೊನೆಗೆ ಎಲೆಕ್ಟ್ರಿಷಿಯನ್ ಫ್ರೆಂಡ್ ಹತ್ರ ದುಂಡಗೆ ತೂತು ಕೊರೆಯೋ ಹೋಲ್ ಸಾ ಇಸ್ಕೊಂಡು ನೀಟಾಗಿ ಕೊರೆದು, ಹಳೇ ಲಾರಿ ಟ್ಯೂಬ್ ಕತ್ತರಿಸಿ ಒಳಗೊಂದು ಹೊರಗೊಂದು ವಾಷರ್ ಕೊಟ್ಟು ಬಿಗಿದೆ. ಇವತ್ತಿನವರೆಗೂ ಒಂದು ಹನಿ ಸೋರಿಲ್ಲ. ಸೈಕಲ್ ಟ್ಯೂಬ್ ತೆಳು, ಅದು ಆಗಲ್ಲ. ನಲ್ಲಿ ತಳದಿಂದ ಮೂರು ಇಂಚು ಮೇಲಿರ್ಲಿ, ಕೆಸರು ಕೆಳಗೇ ಕೂರುತ್ತೆ.

ಇನ್ನ ಸ್ಟ್ಯಾಂಡು. ತುಂಬಿದ ಡ್ರಮ್ ಇನ್ನೂರು ಕೆಜಿ ಮೇಲೆ ಅನ್ನೋದು ಗೊತ್ತಿದ್ರೂ ಮಣ್ಣಿನ ಮೇಲೇ ಸಿಮೆಂಟ್ ಇಟ್ಟಿಗೆ ಜೋಡಿಸಿ ಇಟ್ಟಿದ್ದೆ. ಮೊದಲನೇ ವರ್ಷ ಹಸ್ತ ಮಳೆ, ರಾತ್ರಿ ಒಂದು ಗಂಟೆ ಇರ್ಬೇಕು, ಧಡ್ ಅಂತ ಶಬ್ದ, ಟಾರ್ಚ್ ಹಿಡ್ಕೊಂಡು ಓಡಿದ್ರೆ ಒಂದು ಕಡೆ ಇಟ್ಟಿಗೆ ನೆಲಕ್ಕೆ ಇಳಿದು ಡ್ರಮ್ ವಾಲಿ ಬಿದ್ದಿದೆ, ನಲ್ಲಿ ಬುಡಕ್ಕೆ ಮುರಿದು ನೀರೆಲ್ಲ ಅಂಗಳದಲ್ಲಿ ಹರೀತಿದೆ, ಅಮ್ಮ ಬಾಗಿಲಲ್ಲಿ ನಿಂತು ಬಿಂದಿಗೆ ಹಿಡಿಯೋ ಬಿಂದಿಗೆ ಹಿಡಿಯೋ ಅಂತ ಕೂಗ್ತಿದಾರೆ. ಎರಡು ಬಿಂದಿಗೆ ಸಿಕ್ತು, ಉಳಿದಿದ್ದು ಹೋಯ್ತು, ಹೊಟ್ಟೆ ಉರೀತು. ಆಮೇಲೆ ಒಂದಡಿ ಅಗೆದು ಜಲ್ಲಿ ತುಂಬಿ, ಸೈಜು ಕಲ್ಲು ಕಟ್ಟಿ, ಮೇಲೆ ಕಲ್ಲು ಚಪ್ಪಡಿ ಹಾಸಿದೆ. ನಮ್ಮೂರಲ್ಲಿ ಕಲ್ಲಿಗೇನು ಬರ ಇಲ್ಲ, ಚಪ್ಪಡಿ ಪುಕ್ಕಟೆ, ಟ್ರ್ಯಾಕ್ಟರ್ ಬಾಡಿಗೆ 600 ಮಾತ್ರ.

ಮೊದಲ ಮಳೆ ನೀರು ಹೊರಗೆ ಬಿಡೋದು, ಇದರಲ್ಲೇ ಎಲ್ರೂ ಸೋಲೋದು. ಆ ಕೊಳೆ ನೀರು ಡ್ರಮ್‌ಗೆ ಹೋಗದ ಹಾಗೆ ಹಿಡಿದಿಡೋಕೆ ನಾನು ಮೂರು ಇಂಚಿನ ಪೈಪ್ ಎರಡಡಿ ಹಾಕಿದ್ದೆ, ಅದು ಎರಡೂವರೆ ಲೀಟರ್ ಹಿಡಿಯುತ್ತೆ ಅಷ್ಟೆ, ಭರಣಿ ಮಳೆಗೆ ತಾರಸಿ ಧೂಳು, ಪಾರಿವಾಳದ ಪಿಕ್ಕೆ ಎಲ್ಲಾ ಸೀದಾ ಡ್ರಮ್‌ಗೆ, ಟೀ ಡಿಕಾಕ್ಷನ್ ಬಣ್ಣ. ಈಗ ನಾಲ್ಕಿಂಚಿನ ಪೈಪ್ ಆರಡಿ, ಹದಿನೈದು ಲೀಟರ್ ಹಿಡಿಯುತ್ತೆ, ಕೆಳಗೆ ಎಂಡ್ ಕ್ಯಾಪ್‌ಗೆ ಸೂಜಿ ತೂತು, ಮಳೆ ನಿಂತ್ಮೇಲೆ ತಾನೇ ಖಾಲಿ ಆಗುತ್ತೆ. ಮೇಲೆ ಮಕ್ಕಳ ಪ್ಲಾಸ್ಟಿಕ್ ಚೆಂಡು, ನೀರು ತುಂಬಿದ್ಮೇಲೆ ತೇಲಿ ಬಂದು ಬಾಯಿ ಮುಚ್ಚುತ್ತೆ, ಆಮೇಲಿನ ನೀರು ಡ್ರಮ್‌ಗೆ ಹೋಗುತ್ತೆ. ಚೆಂಡು ಸರಿಯಾಗಿ ಕೂರೋಕೆ ನಾನೊಂದು ಉಪಾಯ ಮಾಡಿದೀನಿ, ಅದನ್ನ ಇಲ್ಲಿ ಬರೆಯಲ್ಲ, ಮನೆಗೆ ಬಂದ್ರೆ ತೋರಿಸ್ತೀನಿ. ವರ್ಷದ ಮೊದಲನೇ ಮಳೆ ಮಾತ್ರ ಏನೇ ಇರ್ಲಿ ಪೂರ್ತಿ ನುಗ್ಗೆ ಗಿಡಕ್ಕೇ ಬಿಡ್ತೀನಿ.

ಮರಳು, ಇದ್ದಿಲು, ಜಲ್ಲಿ ಹಾಕಿ ಬಕೆಟ್ ಫಿಲ್ಟರ್ ಕೂಡ ಮಾಡಿದ್ದೆ, ನೋಡೋಕೆ ಚಂದ, ಜೋರು ಮಳೆಗೆ ನೀರು ಇಳಿಯೋದೇ ಇಲ್ಲ, ಬಕೆಟ್ ಉಕ್ಕಿ ಅರ್ಧ ಆಚೆ. ತೆಗೆದುಬಿಟ್ಟೆ. ಡ್ರಮ್ ಬಾಯಿಗೆ ಸ್ಟೀಲ್ ಜಾಲರಿ, ನಲ್ಲಿ ಬಾಯಿಗೆ ಪಂಚೆ ಬಟ್ಟೆ ನಾಲ್ಕು ಮಡಿಕೆ, ಮುಗೀತು. ಕುಡಿಯೋದಾದ್ರೆ ಕುದಿಸಿ ಆರಿಸಿ.

ಓವರ್‌ಫ್ಲೋ ಒಂದಿಂಚು ಇಟ್ಟಿದ್ದೆ, ಮೂರಿಂಚಲ್ಲಿ ಬರೋ ನೀರು ಒಂದಿಂಚಲ್ಲಿ ಹೆಂಗೆ ಹೋಗುತ್ತೆ, ಡ್ರಮ್ ಉಬ್ಬಿ ಮುಚ್ಚಳ ಎದ್ದುಬಂತು. ಈಗ ಎರಡೂವರೆ ಇಂಚು. ಅದರ ಬಾಯಿಗೂ ಸೊಳ್ಳೆ ಪರದೆ ಕಟ್ಟಿ, ಇದನ್ನ ಮರೀಬೇಡಿ ದಯವಿಟ್ಟು. ನಾನು ಒಂದು ಡ್ರಮ್‌ಗೆ ಕಟ್ಟಿರ್ಲಿಲ್ಲ, ಹತ್ತೇ ದಿನಕ್ಕೆ ಒಳಗೆ ಹುಳ ಕುಣೀತಿತ್ತು, ಡೆಂಗ್ಯೂ ಸೀಸನ್ ಬೇರೆ, 220 ಲೀಟರ್ ಅಷ್ಟೂ ಚೆಲ್ಲಿದೆ. ಪಾಚಿಗೆ ಕಪ್ಪು ಪೇಂಟ್ ಹೊಡೆದೆ, ಹಪ್ಪಳದ ಥರ ಎದ್ದು ಉದುರ್ತು, 450 ರೂಪಾಯಿ ಪೇಂಟು. ಗೋಣಿಚೀಲ ಸುತ್ತಿ ಕಟ್ಟಿದ್ಮೇಲೆ ಪಾಚಿ ಇಲ್ಲ.

ಎಲ್ರೂ ಕೇಳೋದು, ಸಾವಿರ ಲೀಟರಿಂದು ಒಂದೇ ಸಿಂಟೆಕ್ಸ್ ಇಡೋದಲ್ವ ಅಂತ. ನಮ್ಮ ಓಣಿ ಎರಡೂವರೆ ಅಡಿ, ಟ್ಯಾಂಕ್ ಒಳಗೆ ಹೋಗಲ್ಲ, ಅದೊಂದು. ಇನ್ನೊಂದು, ಒಂದೇ ಟ್ಯಾಂಕ್ ಕೆಟ್ರೆ ಎಲ್ಲಾ ನೀರೂ ಹೋಯ್ತು. ನನ್ನ ಐದೂ ಕೆಳಗಡೆ ಒಂದಿಂಚಿನ ಪೈಪಲ್ಲಿ ಸೇರಿದೆ, ಪ್ರತಿಯೊಂದಕ್ಕೂ ಬಾಲ್ ವಾಲ್ವ್ ಇದೆ, ತುಂಬಿದ್ಮೇಲೆ ಎಲ್ಲಾ ಬಂದ್ ಮಾಡ್ತೀನಿ, ಒಂದೊಂದೇ ಓಪನ್ ಮಾಡಿ ಬಳಸ್ತೀನಿ. ಹುಳ ಬಿದ್ದಿದ್ದು ವಾಲ್ವ್ ಹಾಕಿದ್ಮೇಲೆ, ಅದಕ್ಕೇ ಉಳಿದ ನಾಲ್ಕು ಬಚಾವಾಯ್ತು.

ಒಟ್ಟು ಖರ್ಚು ನೆನಪಿರೋ ಹಾಗೆ ಡ್ರಮ್ 5,500, ಪೈಪು ವಾಲ್ವು ನಿಪ್ಪಲ್ ಎಲ್ಲಾ ಸೇರಿ 3,000, ಕಲ್ಲು ಕೆಲ್ಸ ಸಾವಿರ ಚಿಲ್ಲರೆ. ಇದು ಬಿಟ್ಟು ಹಾಳಾಗಿದ್ದು ಒಂದು 3,500 ಇರುತ್ತೆ, ನೀವು ಇದನ್ನ ಓದಿ ಮಾಡಿದ್ರೆ ಆ ದುಡ್ಡು ಉಳಿಯುತ್ತೆ.

ನಡುವೆ ಕೆಲವು ಪ್ರಯೋಗ ಮಾಡಿದೆ. ನೀರಲ್ಲಿ ಕರಗಿರೋ ಲವಣ ಅಳೆಯೋ ಟಿಡಿಎಸ್ ಮೀಟರ್ ಇಟ್ಟು ನೋಡಿದ್ರೆ ಬೋರ್ 1,200 ಆಸುಪಾಸು, ಡ್ರಮ್ 40, ಬಯಲಲ್ಲಿ ಸ್ಟೀಲ್ ತಪ್ಪಲೆ ಇಟ್ಟು ಸೀದಾ ಹಿಡಿದಿದ್ದು ಹತ್ತರ ಒಳಗೆ. ಆ ತಪ್ಪಲೆ ನೀರನ್ನ ಇನ್ವರ್ಟರ್ ಬ್ಯಾಟರಿಗೆ ಹಾಕಿ ವರ್ಷ ಆಯ್ತು, ಬ್ಯಾಟರಿ ಚೆನ್ನಾಗೇ ಇದೆ. ಡ್ರಮ್ ನೀರು ಮಾತ್ರ ಹಾಕ್ಬೇಡಿ, ತಾರಸಿ ಸಿಮೆಂಟ್ ಸೇರಿರುತ್ತೆ. ಇನ್ನ ಬೇಳೆ. ಒಂದೇ ಪ್ಯಾಕೆಟ್ ತೊಗರಿಬೇಳೆ, ಒಂದೇ ಕುಕ್ಕರ್, ಬೋರ್ ನೀರಲ್ಲಿ ಎಂಟು ವಿಷಲ್ ಕೂಗಿಸಿದ್ರೂ ಕಾಳು ಕಾಳು, ಮಳೆ ನೀರಲ್ಲಿ ಮೂರೇ ವಿಷಲ್‌ಗೆ ಬೆಣ್ಣೆ. ಅಮ್ಮ ಸೌಟಲ್ಲಿ ಒತ್ತಿ ನೋಡಿ, ಏನೂ ಮಾತಾಡ್ದೆ, ಬೋರ್ ನೀರಿನ ಬಿಂದಿಗೆನ ಒಲೆ ಪಕ್ಕದಿಂದ ಎತ್ತಿ ಬಚ್ಚಲಿಗೆ ಇಟ್ರು. ಅವತ್ತಿಂದ ಅದು ವಾಪಸ್ ಅಡುಗೆಮನೆಗೆ ಬಂದಿಲ್ಲ. ಗ್ಯಾಸ್ ಸಿಲಿಂಡರ್ ಕೂಡ ಮುಂಚೆಗಿಂತ ಎಂಟು ಹತ್ತು ದಿನ ಜಾಸ್ತಿ ಬರ್ತಿದೆ.

ಶಿವರಾತ್ರಿಯಿಂದ ಭರಣಿವರೆಗಿನ ಎರಡು ತಿಂಗಳು ಚಿಲ್ಲರೆ ಅಡುಗೆಗೂ ಘಟಕದ ಕ್ಯಾನೇ ಗತಿ. ಇನ್ನ ಮೂರು ಡ್ರಮ್ ಇದ್ರೆ ಆ ಗ್ಯಾಪೂ ಮುಚ್ಚುತ್ತೆ, ಜಾಗ ಇರೋದು ಒಂದಕ್ಕೆ. ಅದಕ್ಕೆ ಅಡ್ವಾನ್ಸ್ ಕೊಟ್ಟು ಬಂದಿದೀನಿ, ಮೂಲೆ ಚಪ್ಪಡಿ ಇನ್ನೂ ಲೆವೆಲ್ ಆಗಿಲ್ಲ, ಭಾನುವಾರ ಕೂರಿಸ್ಬೇಕು.